ಸಾಣಿಕಟ್ಟಾದ ಉಪ್ಪು



ಒಂಬತ್ತನೇ ತರಗತಿಯ ಪ್ರವಾಸದಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರ ನೋಡಲು ಹೋಗಿದ್ದೆವು. ನಮ್ಮ ಮನೆಯ ಮಿಡಿ ಉಪ್ಪಿನಕಾಯಿಯ ಹರಳುಪ್ಪು ಅಲ್ಲಿಯದೇ. ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಹರಳುಗಟ್ಟಿಸುತ್ತಾರೆ. ಮಳೆ ಹಿಡಿದರೆ ಆ ವರ್ಷದ ಕೆಲಸ ಮುಗಿದಂತೆ. ಘಟ್ಟದ ಮೇಲಿನ ನಾವು ಮಳೆಗೆ ಕಾಯುವವರು, ಅವರು ಹೆದರುವವರು!

ಬದುವಿನ ಮೇಲೆ ಓಡುತ್ತಿದ್ದವ ಜಾರಿ ಪಾತಿಗೇ ಬಿದ್ದೆ. ಬಳಿಯಲು ಸಿದ್ಧವಾಗಿದ್ದ ಬಿಳಿ ಉಪ್ಪೆಲ್ಲ ಕೆಸರು. ಕೆಲಸಕ್ಕಿದ್ದ ಅಮ್ಮ ಬಯ್ಯಲಿಲ್ಲ. "ಕಾಲು ಉರೀತದ್ಯಾ, ತಮ್ಮಾ?" ಎಂದು ತನ್ನ ಕುಡಿಯುವ ನೀರನ್ನೇ ಹೊಯ್ದಳು. ಅವಳ ಹಿಮ್ಮಡಿಯ ತುಂಬ ಬಿರುಕು.

ಪ್ರವಾಸದ ವರದಿಯಲ್ಲಿ ನಾನು ಇದನ್ನು ಬರೆಯಲಿಲ್ಲ. ಗುರುಗಳು 'ಆ ಅಮ್ಮನ ವಿಷಯ ಎಲ್ಲಿ?' ಎಂದು ಕೆಂಪು ಶಾಯಿಯಲ್ಲಿ ಬರೆದು ಪಟ್ಟಿ ಹಿಂದಿರುಗಿಸಿದ್ದರು. ಸರ್, ಇವತ್ತು ಒಪ್ಪಿಸಿದ್ದೇನೆ.