ಚಿತ್ರದ ಅಂಚು ಮಸುಕಾದರೆ

ಮದುವೆಯ ಮನೆಯಲ್ಲಿ ತೆಗೆಸಿದ ಗುಂಪಿನ ಚಿತ್ರವನ್ನು ನಾವೆಲ್ಲರೂ ನೋಡಿದ್ದೇವೆ. ನಡುವೆ ಕುಳಿತ ವಧೂವರರ ಮುಖಗಳು ಕಡೆದಿಟ್ಟಂತೆ ಸ್ಫುಟವಾಗಿರುತ್ತವೆ. ಸಾಲಿನ ತುದಿಯಲ್ಲಿ ನಿಂತ ಸೋದರತ್ತೆಯವರ ಮುಖ ಮಾತ್ರ ಮಂಜಿನೊಳಗಿಂದ ಇಣುಕಿದಂತೆ ಕಾಣುವುದು. ಅಲ್ಲಿ ನಷ್ಟವು ಸೋದರತ್ತೆಯವರ ಅಸಮಾಧಾನದೊಡನೆ ಮುಗಿಯಿತು. ಆದರೆ ಓಲೆಗರಿಯ ಗ್ರಂಥವೊಂದನ್ನು ಚಿತ್ರದಲ್ಲಿ ಹಿಡಿದಿಡಲು ಹೊರಟವರಿಗೆ ಇದೇ ದೋಷವು ಬಹು ದೊಡ್ಡದು. ಗರಿಯು ಉದ್ದವಾದುದು, ಅಗಲ ಕಿರಿದು. ಅದರ ಎರಡು ತುದಿಗಳೂ ಚಿತ್ರದ ಅಂಚಿಗೇ ಬೀಳುತ್ತವೆ. ನಾಳೆ ಗರಿ ಪುಡಿಯಾದರೆ ಉಳಿಯುವುದು ಚಿತ್ರವೊಂದೇ. ಅದರಲ್ಲಿ ಪ್ರತಿ ಪಂಕ್ತಿಯ ಮೊದಲ ಮತ್ತು ಕೊನೆಯ ಅಕ್ಷರಗಳು ಓದಲು ಬಾರದಿದ್ದರೆ ಗ್ರಂಥವೇ ಹೋದ ಹಾಗೆ.

ಇಂಥ ಸಂದರ್ಭದಲ್ಲಿ ಮಸೂರವನ್ನು ಶಪಿಸಿ, ಹೊಸದಕ್ಕೆ ಹಣ ಸುರಿಯುವವರೇ ಹೆಚ್ಚು. ಅದಕ್ಕೆ ಮುಂಚೆ ಮಸುಕು ಎಲ್ಲಿದೆ, ಹೇಗಿದೆ ಎಂಬುದನ್ನು ಓದಲು ಕಲಿಯಬೇಕು. ನಾಲ್ಕು ಮೂಲೆಗಳೂ ಒಂದೇ ಸಮನಾಗಿ ಮಸುಕಾಗಿದ್ದರೆ ಅದು ಬಹುಮಟ್ಟಿಗೆ ಮಸೂರದ ಹುಟ್ಟುಗುಣ. ಒಂದು ಪಕ್ಕವೇ ಕೆಟ್ಟಿದ್ದರೆ ಯಾವುದೋ ಒಂದು ಓರೆಯಾಗಿ ಕುಳಿತಿದೆಯೆಂದು ತಿಳಿಯತಕ್ಕದ್ದು.

ಹುಟ್ಟುಗುಣವೆಂದರೇನು? ಸಾಮಾನ್ಯ ಮಸೂರದ ಮೈ ಗೋಳದ ಒಂದು ತುಂಡು. ಅದು ಕಟ್ಟಿಕೊಡುವ ಬಿಂಬವೂ ಸಹಜವಾಗಿ ಬೋಗುಣಿಯಂತೆ ಬಾಗುವುದು. ಫಿಲ್ಮಾಗಲಿ ಡಿಜಿಟಲ್ ಕ್ಯಾಮರಾದ ಸಂವೇದಕವಾಗಲಿ ಹಲಗೆಯಂತೆ ಸಪಾಟು. ಬೋಗುಣಿಯ ತಳ ಹಲಗೆಗೆ ತಗುಲಿದಾಗ ಅದರ ಅಂಚು ತಗುಲದು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರಚಿಸಿದ ಮಸೂರವು ಬೆಳಕನ್ನು ಧಾರಾಳವಾಗಿ ಒಳಬಿಡುತ್ತಿತ್ತು; ನಡುವೆ ಸ್ಫುಟ, ಅಂಚಿನಲ್ಲಿ ಮಸುಕು. ಮುಖದ ಚಿತ್ರ ತೆಗೆಯುವವರು ಅದನ್ನು ದೋಷವೆನ್ನಲಿಲ್ಲ. ಆ ಮಸುಕನ್ನೇ ಮೆಚ್ಚಿ ಕೊಳ್ಳುವವರು ಇಂದಿಗೂ ಉಂಟು. 1890ರಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಪಾಲ್ ರುಡಾಲ್ಫ್ ಎಂಬುವರು ಹೊಸ ಬಗೆಯ ಗಾಜುಗಳನ್ನು ಜೋಡಿಸಿ ಅಂಚಿನವರೆಗೂ ಬಿಂಬವನ್ನು ತಿದ್ದಿದರು. ಆದರೂ ಬೆಳಕಿನ ರಂಧ್ರವನ್ನು ಪೂರ್ತಿ ತೆರೆದಾಗ ಅಂಚಿನಲ್ಲಿ ಸ್ವಲ್ಪವಾದರೂ ಸೋಲದ ಮಸೂರ ವಿರಳವೇ ಸರಿ.

ಪರೀಕ್ಷೆ ಸುಲಭ. ಸಪಾಟಾದ ಗೋಡೆಗೆ ವೃತ್ತಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು. ಗೋಡೆಗೂ ಕ್ಯಾಮರಾಕ್ಕೂ ಸಮಾನಾಂತರ ತಪ್ಪಿದರೆ ಪರೀಕ್ಷೆಯೇ ಸುಳ್ಳಾಗುವುದು. ಇದಕ್ಕೊಂದು ಚಮತ್ಕಾರದ ಉಪಾಯವಿದೆ: ಗೋಡೆಗೆ ಚಿಕ್ಕ ಕನ್ನಡಿಯನ್ನು ಒತ್ತಿ ಹಿಡಿಯಿಸಿ ಕ್ಯಾಮರಾದೊಳಗಿಂದ ನೋಡಿದಾಗ ಮಸೂರದ ಪ್ರತಿಬಿಂಬವು ಚಿತ್ರದ ನಟ್ಟನಡುವೆ ಕಂಡರೆ ಸಮಾನಾಂತರ ಸರಿಯಾಗಿದೆ. ಬಳಿಕ ರಂಧ್ರವನ್ನು ಪೂರ್ತಿ ತೆರೆದು, ನಡುವಿನ ಅಕ್ಷರಕ್ಕೆ ದೃಷ್ಟಿ ಕೂಡಿಸಿ ಒಂದು ಚಿತ್ರ. ಮೂಲೆಯ ಅಕ್ಷರಕ್ಕೆ ಕೂಡಿಸಿ ಇನ್ನೊಂದು. ಎರಡನೆಯದರಲ್ಲಿ ಮೂಲೆ ತಿಳಿಯಾಗಿ ನಡುವು ಮಸುಕಾದರೆ ಅದು ಬಿಂಬದ ಬಾಗು. ಎಷ್ಟು ತಿದ್ದಿದರೂ ಮೂಲೆ ತಿಳಿಯಾಗದಿದ್ದರೆ ಬೇರೆ ದೋಷವಿದೆ. ರಂಧ್ರವನ್ನು ಎಫ್ 8ರವರೆಗೆ ಕಿರಿದು ಮಾಡಿ ಮತ್ತೆ ತೆಗೆದರೆ ಹುಟ್ಟುಗುಣದ ಮಸುಕು ಬಹಳಮಟ್ಟಿಗೆ ಇಳಿಯುವುದು. ಎಫ್ 22ರವರೆಗೆ ಹೋಗುವ ಅತ್ಯಾಸೆ ಬೇಡ; ಅಷ್ಟು ಸಣ್ಣ ರಂಧ್ರದಲ್ಲಿ ಬೆಳಕೇ ಹರಡಿ ಇಡೀ ಚಿತ್ರ ಮೆತ್ತಗಾಗುವುದು.

ಒಂದೇ ಪಕ್ಕ ಮಸುಕಾದರೆ ಕ್ಯಾಮರಾವನ್ನು ತಲೆಕೆಳಗು ಮಾಡಿ, ಪುನಃ ಕನ್ನಡಿಯಿಂದ ಸರಿಪಡಿಸಿ ತೆಗೆಯಬೇಕು. ಮಸುಕು ಪತ್ರಿಕೆಯ ಅದೇ ಪಕ್ಕದಲ್ಲಿ ನಿಂತರೆ ತಪ್ಪು ಗೋಡೆಯದು. ಎದುರು ಪಕ್ಕಕ್ಕೆ ದಾಟಿದರೆ ತಪ್ಪು ಯಂತ್ರದ್ದು. ಕೈತಪ್ಪಿ ಬಿದ್ದ ಮಸೂರದಲ್ಲಿ ಒಳಗಿನ ಗಾಜು ಕೂದಲೆಳೆಯಷ್ಟು ಸರಿದಿದ್ದರೂ ಹೀಗಾಗುವುದು. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತೆಂದು ಮನೆಯಲ್ಲೇ ಬಿಚ್ಚಿ ಒರೆಸಿ, ಒಂದು ಗಾಜನ್ನು ಹಿಂದುಮುಂದಾಗಿ ಕೂರಿಸುವ ಸಾಹಸಿಗಳಿಗೆ ಸುತ್ತಲೂ ಮಸುಕೇ ಪ್ರತಿಫಲ. ಇವೆರಡಕ್ಕೂ ರಂಧ್ರ ಕಿರಿದು ಮಾಡುವುದು ಪೂರ್ಣ ಪರಿಹಾರವಲ್ಲ. ನುರಿತ ಕೆಲಸಗಾರನ ಕೈಗೆ ಕೊಡುವುದೇ ಸರಿ.

ಸೋದರತ್ತೆಯವರ ವಿಷಯದಲ್ಲಿ ಒಂದು ಹಳೆಯ ಕೌಶಲವಿದೆ: ಸಾಲನ್ನು ಬಿಲ್ಲಿನಂತೆ ಬಾಗಿಸಿ, ತುದಿಯವರನ್ನು ಕೊಂಚ ಮುಂದಕ್ಕೆ ಕೂರಿಸುವುದು. ಒಳಮುಖವಾಗಿ ಬಾಗಿದ ಬಿಂಬಕ್ಕೆ ಅದು ಒಪ್ಪುವುದು. ಓಲೆಗರಿಯನ್ನು ಹಾಗೆ ಬಾಗಿಸಲಾಗದು, ಬಾಗಿಸಿದರೆ ಮುರಿದೀತು. ಆದುದರಿಂದ ಕ್ಯಾಮರಾವನ್ನೇ ಹಿಂದೆ ಸರಿಸಿ ಗರಿಯನ್ನು ಚಿತ್ರದ ನಡುಭಾಗದೊಳಗೇ ಇರಿಸಿಕೊಳ್ಳಬೇಕು. ಆಗ ಅಕ್ಷರ ತೀರ ಸಣ್ಣದಾಗುವುದಾದರೆ ಗರಿಯನ್ನು ಎರಡು ಭಾಗವಾಗಿ, ನಡುವಿನ ನಾಲ್ಕಾರು ಅಕ್ಷರಗಳು ಎರಡರಲ್ಲೂ ಬರುವಂತೆ, ತೆಗೆದುಕೊಳ್ಳಬಹುದು.