ರೂಟರ್‌ಗೆ ತಕ್ಕ ಕೈಪಿಡಿ: ಪಂಚಾಯತಿ ಕಚೇರಿಯ ಜಾಲ ಸಾಧನಗಳ ದಾಖಲೆ ಹುಡುಕುವ ಬಗೆ

(ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸಿಬ್ಬಂದಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಜಗುಲಿಯ ಮೇಲೆ ನಾಲ್ಕಾರು ಮಂದಿ ಕಾದು ಕುಳಿತಿರುವುದು ಎಲ್ಲರಿಗೂ ಪರಿಚಿತವಾದ ನೋಟ. ಒಬ್ಬರಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕಾಗಿರುತ್ತದೆ. ಮತ್ತೊಬ್ಬರು ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಲು ಬಂದಿರುತ್ತಾರೆ. ಇನ್ನೊಬ್ಬರು ಉದ್ಯೋಗ ಖಾತರಿಯ ಕೂಲಿ ಏಕೆ ಜಮೆಯಾಗಲಿಲ್ಲವೆಂದು ಕೇಳಲು, ಆ ದಿನದ ಕೂಲಿಯನ್ನೂ ಬಿಟ್ಟು ಬಂದಿರುತ್ತಾರೆ. ಅವರೆಲ್ಲರಿಗೂ ದೊರೆಯುವ ಉತ್ತರ ಹಲವು ಸಲ ಒಂದೇ: “ಸರ್ವರ್ ಇಲ್ಲ, ನಾಳೆ ಬನ್ನಿ.” ಸರ್ವರ್ ಬೆಂಗಳೂರಿನಲ್ಲಿ ಕ್ಷೇಮವಾಗಿದ್ದು, ಕಚೇರಿಯ ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯೇ ಕೆಲಸ ನಿಲ್ಲಿಸಿರುವ ದಿನಗಳೂ ಇವುಗಳಲ್ಲಿ ಇರುತ್ತವೆ. ಪೆಟ್ಟಿಗೆಯನ್ನು ಸರಿಪಡಿಸುವ ಕ್ರಮ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ. ಆ ಬರಹ ಯಾವುದು, ಅದನ್ನು ಹೇಗೆ ಗುರುತಿಸಬೇಕು ಎಂಬುದಷ್ಟೇ ಈ ಉಪನ್ಯಾಸದ ವಿಷಯ.

ಮೊದಲಿಗೆ, ಯಾವ ಪೆಟ್ಟಿಗೆ ಯಾರದು ಎಂಬ ಪ್ರಶ್ನೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಯೇ ಮುಂದೆ ಭಾರತ್‌ನೆಟ್ ಎಂಬ ಹೆಸರಿನಿಂದ ಗ್ರಾಮ ಪಂಚಾಯತಿಗಳನ್ನು ತಲುಪಿತು. ಈ ಏರ್ಪಾಟಿನಲ್ಲಿ ತಾಲ್ಲೂಕು ಮಟ್ಟದ ದೂರವಾಣಿ ವಿನಿಮಯ ಕೇಂದ್ರದಲ್ಲಿ ಒಎಲ್‌ಟಿ ಎಂಬ ಮುಖ್ಯ ಯಂತ್ರವಿರುತ್ತದೆ. ಅಲ್ಲಿಂದ ಹೊರಟ ಒಂದೇ ಗಾಜಿನೆಳೆ ದಾರಿಯಲ್ಲಿ ಕವಲೊಡೆದು ಹಲವು ಪಂಚಾಯತಿಗಳಿಗೆ ಹೋಗುತ್ತದೆ. ಪ್ರತಿ ಪಂಚಾಯತಿಯಲ್ಲಿ ಅದರ ಕೊನೆಯಲ್ಲಿರುವುದು ಒಎನ್‌ಟಿ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಇದರ ಕೆಲಸ. ರೂಟರ್ ಬರುವುದು ಇದರ ನಂತರ. ಖಾಸಗಿ ಸಂಪರ್ಕ ಪಡೆದ ಕಚೇರಿಗಳಲ್ಲಿ ಇವೆರಡೂ ಒಂದೇ ಪೆಟ್ಟಿಗೆಯೊಳಗೆ ಇರುವುದುಂಟು.

ಈ ವ್ಯತ್ಯಾಸ ತಿಳಿಯದೆ ಕೈಪಿಡಿ ಹುಡುಕಲು ಹೊರಟರೆ ಅರ್ಧ ದಿನ ವ್ಯರ್ಥವಾಗುತ್ತದೆ. ಒಎನ್‌ಟಿಯ ಹೊಂದಾಣಿಕೆ ಬಹುಮಟ್ಟಿಗೆ ಮೇಲಿನ ಒಎಲ್‌ಟಿಯಿಂದಲೇ ಆಗುವಂಥದು. ಅದರ ಕೈಪಿಡಿ ಕೈಗೆ ಸಿಕ್ಕರೂ ಪಂಚಾಯತಿಯವರು ಮಾಡಬಹುದಾದದ್ದು ದೀಪಗಳನ್ನು ಓದುವುದಷ್ಟೆ. ಪಾನ್ ಎಂದು ಬರೆದ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಒಎನ್‌ಟಿಯು ಮೇಲಿನ ಯಂತ್ರದಲ್ಲಿ ನೋಂದಾಯಿತವಾಗಿದೆ ಎಂದರ್ಥ. ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಎಲ್ಲೋ ರಸ್ತೆ ಅಗಲೀಕರಣಕ್ಕೋ ಕುಡಿಯುವ ನೀರಿನ ಕೊಳವೆಗೋ ಅಗೆದವರು ಕೇಬಲ್ ಕತ್ತರಿಸಿರಬಹುದು, ಅಥವಾ ಕಚೇರಿಯೊಳಗೇ ಯಾರೋ ಬೀರು ಸರಿಸುವಾಗ ಗಾಜಿನೆಳೆ ಮಡಚಿರಬಹುದು. ಇಂಥ ಜಾಲದಲ್ಲಿ ಸಾಮಾನ್ಯವಾಗಿ ಬಳಸುವ ಒಎನ್‌ಟಿಗೆ ಬರುವ ಬೆಳಕಿನ ಬಲ ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಂಕೇತ ನಿಲ್ಲುವುದಿಲ್ಲ. ಅದನ್ನು ಅಳೆಯುವ ಉಪಕರಣ ಲೈನ್‌ಮನ್ ಬಳಿ ಇರುತ್ತದೆಯೇ ಹೊರತು ಪಂಚಾಯತಿಯಲ್ಲಿ ಇರುವುದಿಲ್ಲ. ಕೆಂಪು ದೀಪ ಉರಿಯುತ್ತಿರುವಾಗ ರೂಟರಿನ ಕೈಪಿಡಿ ತಿರುವಿ ಫಲವಿಲ್ಲ. ದೂರು ದಾಖಲಿಸಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದೇ ಸರಿ.

ಒಎನ್‌ಟಿಯ ದೀಪಗಳು ಸರಿಯಾಗಿದ್ದು ಗಣಕಯಂತ್ರಕ್ಕೆ ಮಾತ್ರ ಅಂತರ್ಜಾಲ ಬಾರದಿದ್ದಾಗ ರೂಟರಿನ ದಾಖಲೆ ಬೇಕಾಗುತ್ತದೆ. ಆದರೆ ಆ ಕ್ಷಣದಲ್ಲಿ ಬಹುಪಾಲು ಜನ ಮಾಡುವ ಮೊದಲ ಕೆಲಸವೆಂದರೆ ಗುಂಡುಸೂಜಿ ಹುಡುಕಿ, ಹಿಂಬದಿಯ ರಂಧ್ರದಲ್ಲಿರುವ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿಯುವುದು. ಇದಕ್ಕಿಂತ ಕೆಟ್ಟ ಆರಂಭ ಇನ್ನೊಂದಿಲ್ಲ. ಅದುವರೆಗೆ ಒಂದು ತೊಂದರೆ ಇದ್ದ ಪೆಟ್ಟಿಗೆಯಲ್ಲಿ ಆಮೇಲೆ ಯಾವ ಹೊಂದಾಣಿಕೆಯೂ ಉಳಿದಿರುವುದಿಲ್ಲ.

ಸೂಜಿಗೆ ಬದಲಾಗಿ ಮೊಬೈಲ್ ಕ್ಯಾಮೆರಾ ಕೈಗೆತ್ತಿಕೊಳ್ಳಬೇಕು. ರೂಟರನ್ನು ಮಗುಚಿದರೆ ಅಡಿಯಲ್ಲಿ ಅಂಟುಚೀಟಿ ಕಾಣುತ್ತದೆ. ಅದರಲ್ಲಿ ಮಾದರಿ ಸಂಖ್ಯೆ, ಆವೃತ್ತಿ, ಕ್ರಮಸಂಖ್ಯೆ, ಮ್ಯಾಕ್ ವಿಳಾಸ, ಬೇಕಾದ ವಿದ್ಯುತ್ತಿನ ಪ್ರಮಾಣ ಮತ್ತು ಪ್ರವೇಶದ ವಿಳಾಸ ಮುದ್ರಿತವಾಗಿರುತ್ತವೆ. ಮಾದರಿ ಸಂಖ್ಯೆಯನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಆವೃತ್ತಿಯನ್ನು ಬಿಡುತ್ತಾರೆ. ತಪ್ಪು ಹುಟ್ಟುವುದು ಅಲ್ಲಿಯೇ. ಟಿಪಿ-ಲಿಂಕ್ ಸಂಸ್ಥೆಯ ಟಿಎಲ್-ಡಬ್ಲ್ಯುಆರ್841ಎನ್ ಎಂಬ ಸಾಮಾನ್ಯ ರೂಟರನ್ನೇ ನೋಡಬಹುದು. ಒಂದೇ ಮಾದರಿ ಹೆಸರಿನಲ್ಲಿ ಅದರ ಆವೃತ್ತಿಗಳು 14ರವರೆಗೆ ಬಂದಿವೆ. ಹೊರಗಿನ ಹೆಸರು ಅದೇ ಆದರೂ ಒಳಗಿನ ಚಿಪ್ಪೇ ಬದಲಾಗಿದೆ. ಒಂದು ಆವೃತ್ತಿಯ ಕೈಪಿಡಿಯಲ್ಲಿ ಕಾಣುವ ಪರದೆ ಮತ್ತೊಂದರಲ್ಲಿ ಇರುವುದಿಲ್ಲ. ಇದಾದರೂ ಸಹಿಸಬಹುದು, ಆದರೆ ಒಂದು ಆವೃತ್ತಿಗೆಂದು ಸಿದ್ಧಪಡಿಸಿದ ಫರ್ಮ್‌ವೇರನ್ನು ಮತ್ತೊಂದಕ್ಕೆ ತುಂಬಿದರೆ ರೂಟರ್ ಮತ್ತೆ ಏಳದೆ ಹೋಗಬಹುದು.

ಕೋಲಾರ ಸೀಮೆಯವರಿಗೆ ಇದು ಹೊಸ ಮಾತಾಗಬೇಕಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಅದರಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಸಂಕೇತಾಕ್ಷರ ಮತ್ತು ಒಂದು ಸಂಖ್ಯೆ ಇವೆ. ಮುಳಬಾಗಿಲಿನ 50ನೆಯ ಶಾಸನವೇ ಬೇರೆ, ಮಾಲೂರಿನ 50ನೆಯ ಶಾಸನವೇ ಬೇರೆ. ಬರಿಯ “50ನೆಯ ಶಾಸನ” ಎಂದು ಕೇಳಿದವರಿಗೆ ಯಾವ ಕಲ್ಲನ್ನು ತೋರಿಸಬೇಕೆಂಬುದು ಯಾರಿಗೂ ತಿಳಿಯದು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಗಳು ಅತ್ತ ಸೇರಿದವು. ಹಾಗಿದ್ದರೂ ಆ ಊರುಗಳ ಶಾಸನಗಳನ್ನು ಹುಡುಕುವವರು ಇಂದಿಗೂ ಕೋಲಾರದ ಸಂಪುಟವನ್ನೇ ತೆರೆಯುತ್ತಾರೆ. ರೂಟರ್ ಕಂಪನಿಗಳೂ ಕೈ ಬದಲಾಗುತ್ತವೆ, ಅವುಗಳ ಜಾಲತಾಣಗಳ ವಿನ್ಯಾಸ ವರ್ಷಕ್ಕೊಮ್ಮೆ ಬದಲಾಗುತ್ತದೆ. ಚೀಟಿಯ ಮೇಲಿನ ಮಾದರಿ ಮತ್ತು ಆವೃತ್ತಿ ಎರಡನ್ನೂ ಜೊತೆಯಾಗಿ ಹಿಡಿದು ಹೋದವರಿಗೆ ಮಾತ್ರ ಸರಿಯಾದ ದಾಖಲೆ ಸಿಗುತ್ತದೆ.

ಚೀಟಿ ಕೈಯಲ್ಲಿದ್ದ ಮೇಲೆ ಯಾವ ಬಗೆಯ ದಾಖಲೆ ಬೇಕೆಂಬುದು ಮುಂದಿನ ವಿಚಾರ. ಕಂಪನಿಯ ಬೆಂಬಲ ಪುಟದಲ್ಲಿ ಒಂದೇ ಸಾಧನಕ್ಕೆ ನಾಲ್ಕೈದು ಕಡತಗಳು ಇರುವುದು ರೂಢಿ. ಡಾಟಾಶೀಟ್ ಎಂಬುದು ಕೊಳ್ಳುವವರಿಗಾಗಿ ಬರೆದದ್ದು. ಟೆಂಡರ್ ಕರೆಯುವಾಗ ಉಪಯುಕ್ತ, ಕೆಟ್ಟಾಗ ನಿರುಪಯುಕ್ತ. ಪೆಟ್ಟಿಗೆಯೊಡನೆ ಬರುವ ಮಡಿಕೆ ಹಾಳೆಯಲ್ಲಿ ತಂತಿ ಜೋಡಿಸುವ ಚಿತ್ರವಿರುತ್ತದೆ. ಹೊಂದಾಣಿಕೆಯ ಪ್ರತಿ ಪರದೆಯ ವಿವರಣೆ ಬೇಕಾದರೆ ನೂರು ಪುಟ ದಾಟುವ ಬಳಕೆದಾರರ ಕೈಪಿಡಿಯನ್ನೇ ಇಳಿಸಿಕೊಳ್ಳಬೇಕು. ಅದರ ಮೊದಲ ಅಥವಾ ಕೊನೆಯ ಪುಟದಲ್ಲಿ ಪರಿಷ್ಕರಣೆಯ ಸಂಖ್ಯೆ ಇರುತ್ತದೆ. ಇನ್ನು ಫರ್ಮ್‌ವೇರಿನೊಂದಿಗೆ ಬರುವ ಬಿಡುಗಡೆ ಟಿಪ್ಪಣಿ. ಇದು ಒಂದೆರಡು ಪುಟದ ಒಣ ಬರಹ, ಯಾರೂ ಓದುವುದಿಲ್ಲ. ಆದರೆ ಯಾವ ದೋಷ ತಿದ್ದಲಾಗಿದೆ, ಹಳೆಯ ಹೊಂದಾಣಿಕೆ ಅಳಿಸಿಹೋಗುತ್ತದೆಯೇ ಎಂಬುದು ಅದರಲ್ಲಿಯೇ ಇರುತ್ತದೆ. ನವೀಕರಣದ ಗುಂಡಿ ಒತ್ತುವ ಮೊದಲು ಅದನ್ನು ಓದದಿರುವುದು ಅಪಾಯ.

ಕೈಪಿಡಿಯಲ್ಲಿ ಎಷ್ಟು ಹುಡುಕಿದರೂ ಸಿಗದ ಸಂಗತಿಗಳೂ ಇವೆ. ಸಂಪರ್ಕದ ಬಗೆ ಪಿಪಿಪಿಒಇ ಆಗಿದೆಯೇ, ಡಿಎಚ್‌ಸಿಪಿ ಆಗಿದೆಯೇ, ಸ್ಥಿರ ವಿಳಾಸವೇ? ಬಳಕೆದಾರ ಹೆಸರು ಯಾವುದು? ವಿಲ್ಯಾನ್ ಸಂಖ್ಯೆ ಹಾಕಬೇಕೆ? ಇವನ್ನು ರೂಟರ್ ತಯಾರಿಸಿದವರು ಬಲ್ಲವರಲ್ಲ. ಇವು ಸಂಪರ್ಕ ಕೊಟ್ಟವರ ಕಾಗದದಲ್ಲಿರುತ್ತವೆ. ಸಂಪರ್ಕ ಚಾಲನೆಗೊಂಡ ದಿನ ಎಂಜಿನಿಯರ್ ಸಹಿ ಹಾಕಿಸಿಕೊಂಡ ಹಾಳೆಯ ಪ್ರತಿಯನ್ನು ಕಡತಕ್ಕೆ ಸೇರಿಸಿದ ಕಚೇರಿಗೆ ಇದು ಐದು ನಿಮಿಷದ ಕೆಲಸ. ಸೇರಿಸದ ಕಚೇರಿ ತಾಲ್ಲೂಕು ಕೇಂದ್ರಕ್ಕೆ ಅಲೆಯಬೇಕಾಗುತ್ತದೆ.

ಎರಡು ಪೆಟ್ಟಿಗೆಗಳ ಕೈಪಿಡಿಗಳೂ ಸರಿಯಾಗಿದ್ದು, ಎರಡನ್ನೂ ಅಕ್ಷರಶಃ ಪಾಲಿಸಿದ ಮೇಲೂ ಜಾಲ ಕೆಲಸ ಮಾಡದ ಒಂದು ಪ್ರಸಂಗವನ್ನು ವಿವರವಾಗಿ ನೋಡುವುದು ಒಳಿತು. ಒಎನ್‌ಟಿಯ ಚೀಟಿಯಲ್ಲಿ 192.168.1.1 ಎಂಬ ವಿಳಾಸವಿದೆ. ಹೊಸ ರೂಟರಿನ ಚೀಟಿಯಲ್ಲಿಯೂ ಅದೇ ಇದೆ. ಇದು ಅಚ್ಚಿನ ದೋಷವಲ್ಲ. 1996ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಎಂಬ ದಾಖಲೆ, ಯಾವ ಕಚೇರಿಯಾದರೂ ತನ್ನ ಗೋಡೆಗಳೊಳಗೆ ಯಾರನ್ನೂ ಕೇಳದೆ ಬಳಸಬಹುದಾದ ಮೂರು ವಿಳಾಸ ಶ್ರೇಣಿಗಳನ್ನು ಮೀಸಲಿಟ್ಟಿತು. 192.168ರಿಂದ ಆರಂಭವಾಗುವ 65,536 ವಿಳಾಸಗಳು ಅವುಗಳಲ್ಲಿ ಒಂದು. ಹೀಗಾಗಿ ತಯಾರಕರಲ್ಲಿ ಹಲವರು ತಮ್ಮ ಪೆಟ್ಟಿಗೆಗಳಿಗೆ ಅದೇ ವಿಳಾಸ ಕೊಟ್ಟು ಕಳುಹಿಸುತ್ತಾರೆ. ತಾಲ್ಲೂಕಿಗೊಂದು ಹೊಸಹಳ್ಳಿ ಇದ್ದರೆ ತೊಂದರೆಯಿಲ್ಲ. ಒಂದೇ ಹೋಬಳಿಯಲ್ಲಿ ಎರಡು ಹೊಸಹಳ್ಳಿಗಳಿದ್ದು, ಲಕೋಟೆಯ ಮೇಲೆ ಬರಿಯ ಊರ ಹೆಸರು ಬರೆದಿದ್ದರೆ ಅಂಚೆಯಣ್ಣ ಏನು ಮಾಡಬೇಕು? ಒಎನ್‌ಟಿಯೂ ರೂಟರೂ ಒಂದೇ ಶ್ರೇಣಿಯಲ್ಲಿ ನಿಂತಾಗ ಆಗುವುದು ಇದೇ.

ಪರಿಹಾರ ಸರಳ. ರೂಟರಿನ ಲ್ಯಾನ್ ವಿಳಾಸವನ್ನು, ಉದಾಹರಣೆಗೆ, 192.168.10.1 ಎಂದು ಬದಲಿಸಿ, ಒಎನ್‌ಟಿಯಿಂದ ಬರುವ ತಂತಿಯನ್ನು ವ್ಯಾನ್ ಕಿಂಡಿಗೆ ಸೇರಿಸಿದರೆ ಸಾಕು. ರೂಟರನ್ನು ಕೇವಲ ವೈಫೈ ಹಂಚಲು ಬಳಸುವುದಾದರೆ ಆಕ್ಸೆಸ್ ಪಾಯಿಂಟ್ ಎಂಬ ವಿಧಾನ ಆರಿಸಬೇಕು. ಆ ವಿಧಾನವಿಲ್ಲದ ಹಳೆಯ ರೂಟರಾದರೆ ಮೊದಲು ಅದರ ಲ್ಯಾನ್ ವಿಳಾಸವನ್ನು ಒಎನ್‌ಟಿಯ ಶ್ರೇಣಿಯಲ್ಲಿಯೇ ಬೇರೆಯಾರೂ ಬಳಸದ ಒಂದಕ್ಕೆ ಬದಲಿಸಿ, ಡಿಎಚ್‌ಸಿಪಿ ನಿಲ್ಲಿಸಿ, ಬಳಿಕ ತಂತಿಯನ್ನು ಲ್ಯಾನ್ ಕಿಂಡಿಗೆ ಸೇರಿಸಬೇಕು. ಒಂದೇ ಜಾಲದಲ್ಲಿ ಎರಡು ಪೆಟ್ಟಿಗೆಗಳು ವಿಳಾಸ ಹಂಚಲು ನಿಂತರೆ, ಬೆಳಿಗ್ಗೆ ತೆರೆದ ಜಾಲತಾಣ ಮಧ್ಯಾಹ್ನ ತೆರೆಯುವುದಿಲ್ಲ. ಕಾರಣ ಹುಡುಕುವವರಿಗೆ ಭೂತಚೇಷ್ಟೆಯಂತೆ ತೋರುತ್ತದೆ. ಒಂದು ಕೈಪಿಡಿ ಇನ್ನೊಂದು ಪೆಟ್ಟಿಗೆಯ ಇರುವಿಕೆಯನ್ನೇ ಅರಿಯದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗಲೇ ಇದು ಹೊಳೆಯುವುದು.

ಆರ್‌ಎಫ್‌ಸಿಗಳೆಂದರೆ ಅಂತರ್ಜಾಲದ ನಿಯಮಗಳನ್ನು ದಾಖಲಿಸುವ ಪತ್ರಗಳು. 1969ರಿಂದ ಕ್ರಮಸಂಖ್ಯೆಯೊಡನೆ ಪ್ರಕಟವಾಗುತ್ತಿವೆ, ಓದಲು ಶುಲ್ಕವಿಲ್ಲ. ಡಿಎಚ್‌ಸಿಪಿಯದು 2131, ಪಿಪಿಪಿಒಇಯದು 2516. ಪಂಚಾಯತಿ ಸಿಬ್ಬಂದಿ ಇವನ್ನು ಓದಬೇಕೆಂದಿಲ್ಲ. ತಾಲ್ಲೂಕು ಮಟ್ಟದ ತಾಂತ್ರಿಕ ಸಹಾಯಕರು ಮಾತ್ರ ಇಂಥವು ಇವೆ ಎಂಬುದನ್ನಾದರೂ ತಿಳಿದಿರಬೇಕು.

ಹುಡುಕುವ ಜಾಗದ ಬಗ್ಗೆ ಎಚ್ಚರ ಅಗತ್ಯ. ಶೋಧ ಯಂತ್ರದಲ್ಲಿ ಮಾದರಿ ಸಂಖ್ಯೆ ಬರೆದೊಡನೆ ಮೇಲೆ ಕಾಣುವುದು ಕಂಪನಿಯ ತಾಣವೇ ಆಗಿರಬೇಕೆಂದಿಲ್ಲ. ಕೈಪಿಡಿ ಕೊಡುತ್ತೇವೆಂದು ಕರೆದು ಬೇಡದ ತಂತ್ರಾಂಶ ಇಳಿಸುವ ತಾಣಗಳಿವೆ. “ಗ್ರಾಹಕ ಸೇವೆ” ಎಂದು ಬರೆದ ದೂರವಾಣಿ ಸಂಖ್ಯೆಗಳಲ್ಲಿ ವಂಚಕರದೂ ಇರುತ್ತವೆ. ಅವರು ಕಚೇರಿಯ ಗಣಕಯಂತ್ರವನ್ನು ದೂರದಿಂದ ನಿಯಂತ್ರಿಸುವ ತಂತ್ರಾಂಶ ಹಾಕಿಸಿಕೊಳ್ಳಲು ಕೇಳಿದರೆ ಕರೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೆಂಬಲ ಪುಟದ ವಿಳಾಸವನ್ನು ರೂಟರಿನ ಪೆಟ್ಟಿಗೆಯ ಮೇಲಿಂದಲೇ ನೋಡಿ ಬರೆದು, ಪ್ರದೇಶ ಭಾರತ ಎಂದು ಆರಿಸುವುದು ಕ್ಷೇಮ. ವೈಫೈ ತರಂಗಗಳ ನಿಯಮ ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಫರ್ಮ್‌ವೇರೂ ಬೇರೆಯಾಗಿರುತ್ತದೆ. ತಯಾರಿಕೆ ನಿಂತ ಹಳೆಯ ಸಾಧನವಾದರೆ, ಅದರ ದಾಖಲೆಗಳನ್ನು ಕಂಪನಿ ಪ್ರತ್ಯೇಕ ಪುಟಕ್ಕೆ ಸರಿಸಿರುತ್ತದೆ. ಪುಟವೇ ಅಳಿದಿದ್ದರೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಪ್ರತಿ ಸಿಗುವುದುಂಟು. ವಿಡಿಯೋಗಳನ್ನು ನೋಡಿ ಕಲಿಯುವುದು ತಪ್ಪಲ್ಲ, ಆದರೆ ವಿಡಿಯೋದಲ್ಲಿರುವವರ ರೂಟರಿನ ಆವೃತ್ತಿ ಯಾವುದೆಂದು ಮೊದಲು ನೋಡಬೇಕು.

ದಾಖಲೆ ಸಿಕ್ಕಿತು, ಅದು ಇಂಗ್ಲಿಷಿನಲ್ಲಿದೆ. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ಮನೆಯ ಮಾತು ತೆಲುಗು, ಕಚೇರಿಯ ಬರಹ ಕನ್ನಡ, ಕೈಪಿಡಿಯ ಭಾಷೆ ಮೂರನೆಯದು. ನೂರು ಪುಟವನ್ನು ಅನುವಾದಿಸುವ ಅಗತ್ಯವಿಲ್ಲ. ಆ ಕಚೇರಿಗೆ ಬೇಕಾದದ್ದು ಒಂದು ಪುಟ: ಯಾವ ತಂತಿ ಯಾವ ಕಿಂಡಿಗೆ, ಯಾವ ದೀಪ ಯಾವ ಬಣ್ಣದಲ್ಲಿರಬೇಕು, ಪ್ರವೇಶದ ವಿಳಾಸ ಯಾವುದು, ಕೈಪಿಡಿಯ ಪ್ರತಿ ಎಲ್ಲಿದೆ, ದೂರು ಯಾರಿಗೆ. ಇದನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಬಹುದು. ಕೈಪಿಡಿಯ ಪಿಡಿಎಫ್ ಪ್ರತಿಯನ್ನು ಗಣಕಯಂತ್ರದಲ್ಲಿ ಮೊದಲೇ ಇಳಿಸಿಟ್ಟಿರಬೇಕು. ಅಂತರ್ಜಾಲ ನಿಂತ ಮೇಲೆ ಅಂತರ್ಜಾಲದಲ್ಲಿ ಕೈಪಿಡಿ ಹುಡುಕುವುದು, ಬಾವಿಗೆ ಬಿದ್ದ ಹಗ್ಗವನ್ನು ಅದೇ ಹಗ್ಗದಿಂದ ಎತ್ತಲು ಹೊರಟಂತೆ.

ದಾಸ್ತಾನು ವಹಿಯಲ್ಲಿ “ರೂಟರ್ – 1” ಎಂದಷ್ಟೇ ಬರೆಯುವ ಪದ್ಧತಿ ಬದಲಾಗಬೇಕು. ಮಾದರಿ, ಆವೃತ್ತಿ, ಕ್ರಮಸಂಖ್ಯೆ, ಖರೀದಿಯ ದಿನಾಂಕ, ಖಾತರಿಯ ಅವಧಿ, ಅಡಾಪ್ಟರಿನ ವೋಲ್ಟ್ ಇವೆಲ್ಲ ಅದೇ ಸಾಲಿನಲ್ಲಿರಬೇಕು. ಅಡಾಪ್ಟರಿನ ಮಾತು ಏಕೆಂದರೆ, ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮೊದಲು ಸುಟ್ಟುಹೋಗುವುದು ಅದೇ. 9 ವೋಲ್ಟಿನ ಸಾಧನಕ್ಕೆ ಅಂಗಡಿಯವರು ಕೊಟ್ಟ 12 ವೋಲ್ಟಿನ ಅಡಾಪ್ಟರ್ ಪಿನ್ನಿನ ಗಾತ್ರದಲ್ಲಿ ಸರಿಯಾಗಿ ಹೊಂದಿಕೊಂಡರೂ ಸಾಧನವನ್ನು ಉಳಿಸುವುದಿಲ್ಲ.

ಪ್ರವೇಶದ ಗುಪ್ತಪದವನ್ನು ಗೋಡೆಯ ಪುಟದಲ್ಲಿ ಬರೆಯತಕ್ಕದ್ದಲ್ಲ. ಅದು ಮುಚ್ಚಿದ ಲಕೋಟೆಯಲ್ಲಿ, ದಿನಾಂಕ ಮತ್ತು ಸಹಿಯೊಡನೆ, ಅಭಿವೃದ್ಧಿ ಅಧಿಕಾರಿಗಳ ಬೀರುವಿನಲ್ಲಿರಬೇಕು. ವರ್ಗಾವಣೆಯಾದಾಗ ನಗದು ಪುಸ್ತಕ, ರಸೀದಿ ಪುಸ್ತಕಗಳೊಡನೆ ಈ ಲಕೋಟೆಯೂ ಪ್ರಭಾರ ಪಟ್ಟಿಯಲ್ಲಿ ಸೇರಬೇಕು. ಬಂದವರು ಲಕೋಟೆ ಒಡೆದು, ಗುಪ್ತಪದ ಬದಲಿಸಿ, ಹೊಸದನ್ನು ಬರೆದು, ಮತ್ತೆ ಮುಚ್ಚಿ ಸಹಿ ಹಾಕತಕ್ಕದ್ದು.