ರಿಪೇರಿಗೆ ಬಿಟ್ಟ ಗಾಡಿ, ನಾವು ಹೇಳಬೇಕಾದ ಮಾತು

(ಗುಂಡುಮಾಲ್ ಕೂಟದಲ್ಲಿ ಮಾಡಿದ ಭಾಷಣ)



ಕೂಲಿಕಾರರ ಕೂಟದಲ್ಲಿ ಮೋಟಾರು ಗಾಡಿಯ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಕಾರಣ ಉಂಟು. ತೋಟದ ಲೈನುಗಳಲ್ಲಿರುವ ನಮ್ಮ ಮನೆಗಳವರು ಈಗ ನಾಲ್ಕೈದು ಜನ ಕೂಡಿ ಹಳೆಯ ಜೀಪನ್ನೋ ಕಾರನ್ನೋ ಕೊಳ್ಳುವುದುಂಟು. ಆಸ್ಪತ್ರೆಗೆ, ಸಂತೆಗೆ, ಮಕ್ಕಳ ಶಾಲೆಗೆ ಅದೇ ಗತಿ. ಗುಂಡುಮಾಲ್, ಕೋಸ್ಗಿ, ಮಕ್ತಲ್ ಕಡೆಯಲ್ಲಿಯೂ, ಪಾಲಮೂರು ಕೂಲಿಗಳೆಂದು ದೂರದ ಪಟ್ಟಣಗಳಲ್ಲಿ ಕರೆಯಿಸಿಕೊಂಡು ದುಡಿದವರು, ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಬಾಡಿಗೆಗೆ ಓಡಿಸಿಕೊಂಡು ಊರಲ್ಲೇ ನಿಲ್ಲೋಣವೆಂದು ನೋಡುತ್ತಾರೆ. ಇಂಥ ಗಾಡಿ ಹತ್ತು ದಿನ ಶೆಡ್ಡಿನಲ್ಲಿ ನಿಂತರೆ ಸಂಪಾದನೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ.

ಗಾಡಿ ಕೆಟ್ಟ ಮನೆಯಲ್ಲಿ ನಾವು ಕೇಳುವ ಮೊದಲ ಮಾತು, "ಮಿಸ್ತ್ರಿ ಮೋಸ ಮಾಡಿದ" ಎಂಬುದು. (ತೋಟದಲ್ಲಿ ಮೇಸ್ತ್ರಿ ಎಂದರೆ ನಮ್ಮ ತಲೆಯ ಮೇಲೆ ನಿಂತು ಕೆಲಸ ಮಾಡಿಸುವವನು; ಈ ಕಡೆ ಮಿಸ್ತ್ರಿ ಎಂದರೆ ಪಾನಾ ಹಿಡಿದು ಗಾಡಿಯ ಕೆಳಗೆ ಮಲಗುವವನು. ನಾವು ಇಂದು ಹೇಳುತ್ತಿರುವುದು ಎರಡನೆಯವನನ್ನು ಕುರಿತು.) ಮೋಸಗಾರರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮೋಸವೆಂದು ಕೂಗುವ ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: ಗಾಡಿ ಬಿಡುವಾಗ ನಾವು ಅವನಿಗೆ ಏನು ಹೇಳಿದೆವು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೊದಲನೇ ಗೇರಿನಲ್ಲಿ ಹೊರಡುವಾಗ ಗಾಡಿ ಗಡಗಡ ನಡುಗುತ್ತದೆ. ಪಕ್ಕದ ಮನೆಯವನು, "ಅದು ಕ್ಲಚ್ ಪ್ಲೇಟು" ಎನ್ನುತ್ತಾನೆ. ನಾವು ಗ್ಯಾರೇಜಿಗೆ ಹೋಗಿ, "ಕ್ಲಚ್ ಪ್ಲೇಟು ಹಾಕಿಕೊಡಿ" ಎನ್ನುತ್ತೇವೆ. ಮಿಸ್ತ್ರಿ ಗೇರ್ ಬಾಕ್ಸ್ ಇಳಿಸಿ ಪ್ಲೇಟು ಹಾಕಿ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾನೆ. ಮಾರನೆಯ ದಿನವೂ ಗಾಡಿ ನಡುಗುತ್ತದೆ. ನೋಡಿದರೆ ಇಂಜಿನನ್ನು ಹಿಡಿದಿರುವ ರಬ್ಬರ್ ಮೌಂಟಿಂಗ್ ಹರಿದಿತ್ತು. ಇಲ್ಲಿ ಮೋಸ ಮಾಡಿದವರು ಯಾರು? ನಾವು ಹೇಳಿದ ಕೆಲಸವನ್ನು ಅವನು ಮಾಡಿದ. ವೈದ್ಯರ ಹತ್ತಿರ ಹೋದವನು "ಹೊಟ್ಟೆನೋವು" ಎಂದು ಹೇಳುತ್ತಾನೆಯೇ ಹೊರತು "ಇಂಥ ಆಪರೇಷನ್ ಮಾಡಿ" ಎಂದು ಅಪ್ಪಣೆ ಕೊಡುವುದಿಲ್ಲ. ಗಾಡಿಯ ವಿಷಯದಲ್ಲೂ ಕಂಡದ್ದನ್ನು, ಕೇಳಿದ್ದನ್ನು, ಮೂಗಿಗೆ ಬಡಿದದ್ದನ್ನು ಹೇಳಬೇಕು. ಮದ್ದನ್ನು ಅವನು ಹುಡುಕಲಿ.

ಹೇಳುವಾಗ ಮಾತಿನ ತೊಡಕು ಬಹಳ. ಈ ಸೀಮೆಯ ಕಥೆ ನಿಮಗೆ ಗೊತ್ತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ರಾಯಚೂರೂ ಮಕ್ತಲೂ ಒಂದೇ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಮಕ್ತಲ್ ನಾರಾಯಣಪೇಟೆಗಳು ಆಂಧ್ರಪ್ರದೇಶಕ್ಕೆ ಬಂದವು, 2014ರಿಂದ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗ್ಯಾರೇಜಿನಲ್ಲಿ ಉರ್ದು ಬೆರೆತ ಹಿಂದಿ. ತೋಟದ ಕಡೆಗೆ ಹೋದರೆ ಮಿಸ್ತ್ರಿ ತಮಿಳಿನವನೋ ಮಲಯಾಳದವನೋ ಆಗಿರುತ್ತಾನೆ.

ಬೇರೆ ಭಾಷೆ ಏಕೆ, ನಮ್ಮ ಕನ್ನಡವೇ ಇಲ್ಲಿ ಕೈಕೊಡುತ್ತದೆ. "ಬ್ರೇಕು ಹಿಡಿತದೆ" ಎಂದರೆ ಬ್ರೇಕು ಚೆನ್ನಾಗಿದೆ ಎಂದಾಯಿತು. ಬ್ರೇಕು ಬಿಡದೆ ಚಕ್ರವನ್ನು ಕಚ್ಚಿಕೊಂಡಿದೆ ಎಂದೂ ಆಯಿತು. "ಗಾಡಿ ಎಳೀತದೆ" ಎಂದರೆ ಏರಿನಲ್ಲಿ ಬಲವಾಗಿ ಹತ್ತುತ್ತದೆ ಎಂದೋ, ಒಂದು ಪಕ್ಕಕ್ಕೆ ಜಗ್ಗುತ್ತದೆ ಎಂದೋ? ಒಂದು ಮಾತಿಗೆ ಎರಡು ಅರ್ಥ, ಅದೂ ಬ್ರೇಕಿನ ವಿಷಯದಲ್ಲಿ! ಆದುದರಿಂದ ಕಾಲು ಏನು ಮಾಡಿತು, ಚಕ್ರ ಏನು ಮಾಡಿತು ಎಂದು ಬಿಡಿಸಿ ಹೇಳತಕ್ಕದ್ದು. "ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ ಹೋಗುತ್ತದೆ" ಎಂದರೆ ಪೈಪಿನಲ್ಲಿ ಗಾಳಿ ಸೇರಿರಬಹುದೆಂದು ಅವನಿಗೆ ಹೊಳೆಯುತ್ತದೆ. "ಒತ್ತಿ ಹಿಡಿದರೂ ಪೆಡಲ್ ನಿಧಾನವಾಗಿ ತಳಕ್ಕೆ ಇಳಿಯುತ್ತದೆ" ಎಂದರೆ ಎಣ್ಣೆ ಎಲ್ಲೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ಒಳಗೆ ದೋಷವಿದೆ ಎಂದು ನೋಡುತ್ತಾನೆ. "ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕು ನಿಲ್ಲಲಿಲ್ಲ, ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಹೋಯಿತು" ಎಂಬುದನ್ನು ಬಿಡದೆ ಹೇಳಿರಿ. ಶೆಡ್ಡಿಗೆ ತರುವಾಗ ಬ್ರೇಕು ತಣ್ಣಗಾಗಿ ಸರಿಯಾಗಿಯೇ ಇರುತ್ತದೆ, ಅವನಿಗೆ ಏನೂ ಕಾಣಿಸುವುದಿಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ವಸ್ತು. ಹಳೆಯದಾದಂತೆ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ಸುಮ್ಮನೆ ಒಳಕ್ಕೆ ಹೋಗುತ್ತದೆ. ಮಡಿಕೇರಿಯ ಇಳಿಜಾರಿನಲ್ಲೋ ಚಾರ್ಮಾಡಿಯಲ್ಲೋ ಆ ಸ್ಥಿತಿ ಬಂದರೆ ಗಾಡಿಯಲ್ಲಿ ಕುಳಿತ ಹತ್ತು ಜನರ ಗತಿ ಏನು?

ಹೊಗೆಯ ಬಣ್ಣವನ್ನೂ ಹೇಳಿರಿ. ನೀಲಿಯಾದರೆ ಇಂಜಿನ್ ಆಯಿಲ್ ಸುಡುತ್ತಿರಬಹುದು, ಕಪ್ಪಾದರೆ ಇಂಧನ ಹೆಚ್ಚಾಗಿ ಗಾಳಿ ಕಡಿಮೆಯಾಗಿರಬಹುದು. ಬೆಳಿಗ್ಗೆ ಮಾತ್ರವೋ ದಿನವಿಡೀ ಉಂಟೋ, ಖಾಲಿ ಗಾಡಿಯಲ್ಲೋ ಜನ ತುಂಬಿದಾಗಲೋ, ಇದೂ ಬೇಕು.

ಇನ್ನು ನಾವು ಮುಚ್ಚಿಡುವ ಸಂಗತಿಗಳು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಳೆಯಲ್ಲಿ ತುಂಬಿದ ಹಳ್ಳಕ್ಕೆ ಇಳಿಸಿ ಇಂಜಿನ್ ನಿಂತಿತು, ಮತ್ತೆ ಮತ್ತೆ ಸ್ಟಾರ್ಟ್ ಹೊಡೆದೆವು ಎಂಬುದನ್ನು ನಾಚಿಕೆಗೆ ಹೇಳುವುದಿಲ್ಲ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುವುದುಂಟು. ಹೇಳದಿದ್ದರೆ ಅವನು ಬೇರೆಲ್ಲೋ ಹುಡುಕುತ್ತಾನೆ, ಹುಡುಕಿದ್ದಕ್ಕೆಲ್ಲ ಕೂಲಿ ನಮ್ಮದೇ. ಫ್ಯೂಸ್ ಸುಟ್ಟಾಗ ಅದರ ಜಾಗದಲ್ಲಿ ತಂತಿ ಸುತ್ತಿದ್ದನ್ನು ಹೇಳುವುದಿಲ್ಲ. ಹ್ಯಾಂಡ್ ಬ್ರೇಕು ಆರು ತಿಂಗಳಿಂದ ಕೆಲಸ ಮಾಡುತ್ತಿಲ್ಲ, ಕಲ್ಲು ಇಟ್ಟು ನಿಲ್ಲಿಸುತ್ತೇವೆ ಎಂಬುದನ್ನೂ ಹೇಳುವುದಿಲ್ಲ, ಆ ಕೆಲಸಕ್ಕೂ ದುಡ್ಡು ಕೇಳಿಯಾನೆಂಬ ಭಯದಿಂದ. ಆಮೇಲೆ ಹ್ಯಾಂಡ್ ಬ್ರೇಕು ಎಳೆದಿದೆ ಎಂದು ನಂಬಿ ಒಬ್ಬ ಹುಡುಗ ಗಾಡಿಯ ಕೆಳಗೆ ಮಲಗುತ್ತಾನೆ. ಅವನೂ ದಿನಗೂಲಿಯವನೇ, ನಮ್ಮಂತೆಯೇ ಒಂದು ಮನೆಯ ಮಗ.

ಇದು ಬರೀ ದಯೆಯ ಮಾತಲ್ಲ, ಕಾನೂನೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯಿದೆಯ 150ನೇ ಕಲಮು, ತನ್ನ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸುವವನು ಅದರಲ್ಲಿ ತನಗೆ ತಿಳಿದಿರುವ, ಅಪಾಯ ತರುವಂಥ ದೋಷಗಳನ್ನು ತಿಳಿಸಲೇಬೇಕೆನ್ನುತ್ತದೆ. ತಿಳಿಸದೆ ಇದ್ದು ಆ ದೋಷದಿಂದಲೇ ಹಾನಿಯಾದರೆ ಹೊಣೆ ಒಪ್ಪಿಸಿದವನದು. ಮುಂದಿನ 151ನೇ ಕಲಮು ಮಿಸ್ತ್ರಿಯ ಪಾಲಿನದು: ಬುದ್ಧಿಯುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಜೋಪಾನವಾಗಿ ನಮ್ಮ ಗಾಡಿಯನ್ನು ಅವನು ಕಾಯಬೇಕು. ಈ ಎರಡನೆಯದನ್ನು ಜಗಳದಲ್ಲಿ ಎತ್ತಿ ಹೇಳಲು ನಮಗೆ ಬಹಳ ಇಷ್ಟ. ಮೊದಲನೆಯದನ್ನು ಯಾರೂ ಎತ್ತುವುದಿಲ್ಲ.

ಹಣದ ವಿಷಯ. "ನೋಡಿ ಮಾಡಿ, ಆಮೇಲೆ ನೋಡೋಣ" ಎಂಬ ಮಾತನ್ನು ನಾವು ಬಿಡಬೇಕು. ಇಷ್ಟು ರೂಪಾಯಿಯವರೆಗೆ ಮಾಡಿ, ಅದಕ್ಕೆ ಮೀರಿದರೆ ಕೈ ಹಚ್ಚುವ ಮೊದಲು ಫೋನ್ ಮಾಡಿ ಎಂದು ಹೇಳಿ, ಒಂದು ಚೀಟಿಯಲ್ಲಿ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿರಿ. ನಾಲ್ಕು ಮನೆಯ ಗಾಡಿಯಾದರೆ ಮಾತಾಡುವವನು ಒಬ್ಬನೇ ಇರಲಿ. ಬೆಳಿಗ್ಗೆ ಅಣ್ಣ "ಟೈರು ಬೇಡ" ಎಂದು, ಸಂಜೆ ಮೈದುನ "ಟೈರೂ ಹಾಕಿಬಿಡಿ" ಎಂದರೆ ಮಿಸ್ತ್ರಿ ಯಾರ ಮಾತು ಕೇಳಬೇಕು? ಕೆಲಸಕ್ಕೆ ಮೊದಲೇ ಹಳೆಯ ಸಾಮಾನು ವಾಪಸು ಬೇಕೆಂದು ಹೇಳಿಡಿರಿ. ಮುಗಿದ ಮೇಲೆ ಕೇಳಿದರೆ ಅದು ಗುಜರಿಗೆ ಹೋಗಿರುತ್ತದೆ.

ಕೂಲಿ ಕೊಡದೆ ಗಾಡಿ ಬಿಡಿಸಿಕೊಂಡು ಬರುತ್ತೇವೆಂಬ ಹಟ ನಡೆಯದು. ಅದೇ ಕರಾರು ಕಾಯಿದೆಯ 170ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಒಪ್ಪಿಕೊಂಡ ಕೆಲಸವನ್ನು ಮಾಡಿ ಮುಗಿಸಿದವನು ಆ ಕೆಲಸದ ಕೂಲಿ ಸಿಗುವವರೆಗೆ ಗಾಡಿಯನ್ನು ಇಟ್ಟುಕೊಳ್ಳಬಹುದು. ಆದರೆ ಅದು ಈ ಕೆಲಸದ ಕೂಲಿಗೆ ಮಾತ್ರ; ಹೋದ ವರ್ಷದ ಬಾಕಿಗೆಂದು ಈ ವರ್ಷ ಗಾಡಿ ಹಿಡಿಯುವ ಹಕ್ಕು ಆ ಕಲಮಿನಲ್ಲಿ ಇಲ್ಲ.

ಇಷ್ಟೆಲ್ಲ ಸರಿಯಾಗಿ ಹೇಳಿಯೂ ಕೆಲಸ ಕೆಟ್ಟರೆ ದಾರಿ ಉಂಟು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಮೊದಲು ಗ್ಯಾರೇಜು ಇದ್ದ ಕಡೆಗೋ ತಕರಾರು ಹುಟ್ಟಿದ ಕಡೆಗೋ ಓಡಬೇಕಾಗಿತ್ತು. ಈಗ ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಊರು ಬಿಟ್ಟು ದುಡಿಯುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಫೀಸಿಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು. 1915 ಎಂಬ ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಬಿಲ್ಲು ಕೊಡದಿರುವುದೇ ಈ ಕಾಯಿದೆಯಲ್ಲಿ ಒಂದು ತಪ್ಪು. ಆದರೆ "ಬಿಲ್ಲು ಬೇಡ, ನೂರು ಕಡಿಮೆ ಮಾಡಿ" ಎನ್ನುವವರು ನಮ್ಮಲ್ಲೇ ಇದ್ದಾರಲ್ಲ, ಅವರು ಆಯೋಗದ ಮುಂದೆ ಏನು ತೋರಿಸುತ್ತಾರೆ?

ಚೀಟಿ ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳ ಕೈಯಿಂದ ಹಿಂದಿನ ರಾತ್ರಿಯೇ ಬರೆಸಿರಿ: ಯಾವಾಗ, ಎಲ್ಲಿ, ಎಂಥ ಶಬ್ದ, ಎಷ್ಟು ಜನ ಕುಳಿತಿದ್ದರು. ಗಾಡಿ ಬಿಡಿಸಿಕೊಳ್ಳುವ ದಿನ ಹಣ ಎಣಿಸುವ ಮೊದಲು ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೋಷ ಕಂಡಿದ್ದ ಅಂಥದೇ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿರಿ. ಏರಿನಲ್ಲಿ ಕಂಡ ದೋಷವನ್ನು ಮಕ್ತಲ್‌ನ ಸಮತಟ್ಟು ಹೆದ್ದಾರಿಯಲ್ಲಿ ಪರೀಕ್ಷಿಸಿ ಬಂದರೆ ಏನೂ ತಿಳಿಯುವುದಿಲ್ಲ.